ಅಪ್ಪನ ಮಡಿ, ಅಜ್ಜಿಯ ಎಣ್ಣೆ

ಕಾನ್ವೆಂಟಿನಿಂದ ನಾನು ಮನೆಗೆ ತಂದ ಮೊದಲ ಸಾಮಾನು ‘ಸಾರಿ’ ಅನ್ನುವ ಪದ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹಾಗೆಂದು ತಪ್ಪಿಗೆ ಸಮಾಧಾನವೇ ಇರಲಿಲ್ಲ ಎಂದಲ್ಲ, ಅದು ಬಾಯಿಯ ಕೆಲಸವಾಗಿರಲಿಲ್ಲ ಅಷ್ಟೆ. ಅಪ್ಪ ಬೆಳಿಗ್ಗೆ ಅಮ್ಮನ ಮೇಲೆ ರೇಗಿ ಹೋಗಿದ್ದರೆ ಸಂಜೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಅಡುಗೆಮನೆಯ ಕಿಟಕಿಯಲ್ಲಿ ತಾನಾಗಿ ಪ್ರತ್ಯಕ್ಷವಾಗುತ್ತಿತ್ತು. ಅಮ್ಮ ನನಗೆ ವಿನಾಕಾರಣ ಒಂದು ಬಿಗಿದಿದ್ದರೆ ಊಟದ ಹೊತ್ತಿಗೆ ನನ್ನ ಅನ್ನದ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಬೀಳುತ್ತಿತ್ತು. ಬಡಿಸುವವಳ ಮುಖ ಮಾತ್ರ ಗೋಡೆಯ ಕಡೆಗೆ. ಅಜ್ಜಿಯದು ಎಣ್ಣೆ. ಯಾರ ಮೇಲಾದರೂ ಅತಿಯಾಗಿ ಕೂಗಾಡಿದ ಮೇಲೆ ಅವಳು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕರೆಯುತ್ತಿದ್ದಳು.

“ಬಾರೇ ಇಲ್ಲಿ. ತಲೆ ಏನು ಹೀಗೆ ಕೆಂಚಗಾಗಿದೆ.”

ಅಷ್ಟು ಹೇಳಿದಳೆಂದರೆ ಅಜ್ಜಿ ಸೋತಳು ಎಂದು ಅರ್ಥ. ನೆತ್ತಿಯ ಮೇಲೆ ಎಣ್ಣೆ ಸುರಿದು ಅಂಗೈಯಿಂದ ತಟ್ಟುತ್ತಿದ್ದಳು, ತಪ್ ತಪ್ ಎಂದು, ಎಣ್ಣೆ ಒಳಗೆ ಇಳಿಯುವ ತನಕ. ಆ ಕೈಗೆ ಒಳಗಾದವರು ಮತ್ತೆ ಹಳೆಯ ಜಗಳ ಎತ್ತುವಂತಿರಲಿಲ್ಲ. ನಾನು ಶಾಲೆಯಿಂದ ‘ಸಾರಿ’ ಕಲಿತು ಬಂದು ಎಲ್ಲದಕ್ಕೂ ಅದನ್ನೇ ಹೇಳಲು ಶುರು ಮಾಡಿದಾಗ ಅಜ್ಜಿಗೆ ಅದು ಬಹಳ ಸೋವಿಯ ವ್ಯಾಪಾರವಾಗಿ ಕಂಡಿತು. “ಲೋಟ ಒಡೆದು ಇಂಗ್ಲಿಷ್ ಮಾತಾಡ್ತಾಳೆ ನೋಡು ನಿನ್ನ ಮಗಳು” ಎಂದು ಅಮ್ಮನಿಗೆ ದೂರು ಕೊಟ್ಟಿದ್ದಳು.

ನಮ್ಮ ಮನೆ ಜಯನಗರದ ಒಂದು ಅಡ್ಡರಸ್ತೆಯಲ್ಲಿತ್ತು. ಕೆಂಪು ಗಾರೆಯ ನೆಲ, ಗ್ರಿಲ್ ಹಾಕಿದ ವರಾಂಡ, ಒಂದು ಹಾಲ್, ಎರಡು ಕೋಣೆ, ಅಡುಗೆಮನೆಗೆ ಅಂಟಿಕೊಂಡ ದೇವರ ಗೂಡು, ಹಿಂದೆ ತಾಮ್ರದ ಹಂಡೆಯ ಬಚ್ಚಲುಮನೆ. ಬಚ್ಚಲಿನ ನೀರು ಹರಿದು ಹೋಗುವ ಕಡೆ ಕೆಸುವಿನ ಗಿಡಗಳು ಆನೆಕಿವಿಯ ಹಾಗೆ ಬೆಳೆದಿದ್ದವು. ಮುಂದಿನ ಕೋಣೆಯ ಕಿಟಕಿಯ ಸಜ್ಜಾ ಕೆಳಗೆ ಒಂದು ಜೇನುಗೂಡು. ಈಗ ಆ ಜಾಗದಲ್ಲಿ ಕಟ್ಟಡ ಎದ್ದಿದೆ, ಗ್ರೌಂಡ್ ಫ್ಲೋರಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್. ನನ್ನ ಮಂಡಿನೋವಿಗೆ ಜೆ.ಪಿ. ನಗರದಿಂದ ಆಟೋ ಮಾಡಿಕೊಂಡು ನಾನು ಅಲ್ಲಿಗೇ ಹೋಗುತ್ತೇನೆ. ಅವರು ನನ್ನನ್ನು ಮಲಗಿಸುವ ಟೇಬಲ್ ಇರುವುದು, ನನ್ನ ಅಂದಾಜು ಸರಿಯಿದ್ದರೆ, ನಮ್ಮ ಬಚ್ಚಲುಮನೆಯ ಜಾಗದಲ್ಲಿ. ಅಲ್ಲಿಯ ಹುಡುಗಿ ಪ್ರತಿ ಸಲವೂ “ಸ್ವಲ್ಪ ಎಣ್ಣೆ ಹಚ್ಲಾ ಆಂಟಿ?” ಎಂದು ಕೇಳುತ್ತಾಳೆ. ಬೇಡಮ್ಮ, ಪೌಡರ್ ಸಾಕು ಎನ್ನುತ್ತೇನೆ. ಅಲರ್ಜಿ ಇರಬೇಕು ಎಂದುಕೊಂಡಿದ್ದಾಳೆ ಪಾಪ.

ಅಪ್ಪ ಒಂದು ಲ್ಯಾಬಿನಲ್ಲಿ ಎಂಜಿನಿಯರ್ ಆಗಿದ್ದರು. ಆಕಾಶಕ್ಕೆ ಹೋಗುವ ಯಂತ್ರಗಳಿಗೆ ಹಲಗೆ ಮಾಡುತ್ತಾರೆ ಎಂದು ಅಮ್ಮ ಹೇಳಿದ್ದನ್ನು ಕೇಳಿ ಪಕ್ಕದ ಮನೆಯವರು ಬಹಳ ದಿನ ಅಪ್ಪನನ್ನು ಬಡಗಿಗಳ ಮೇಸ್ತ್ರಿ ಎಂದು ತಿಳಿದಿದ್ದರಂತೆ. ಹಲಗೆ ಎಂದದ್ದು ತಪ್ಪೂ ಅಲ್ಲ. ಕಾಗದದಷ್ಟು ತೆಳ್ಳಗಿನ ಎರಡು ಅಲ್ಯುಮಿನಿಯಂ ಹಾಳೆ, ಅವುಗಳ ನಡುವೆ ಇನ್ನೂ ತೆಳ್ಳಗಿನ ಫಾಯಿಲ್‌ನಲ್ಲಿ ಮಾಡಿದ ಆರು ಮೂಲೆಯ ಗೂಡುಗಳು, ಜೇನುಗೂಡಿನ ಹಾಗೆ. ಮೂರನ್ನೂ ಅಂಟಿಸಿ ಒಲೆಯಲ್ಲಿ ಬೇಯಿಸಿದರೆ ಬೆರಳಲ್ಲಿ ಎತ್ತಬಹುದಾದಷ್ಟು ಹಗುರ, ಮೇಲೆ ನಿಂತರೂ ಬಾಗದಷ್ಟು ಗಟ್ಟಿ. ಅದಕ್ಕೆ ಸ್ಯಾಂಡ್‌ವಿಚ್ ಪ್ಯಾನೆಲ್ ಎಂದು ಹೆಸರು. ಮೇಲೆ ಒಂದು ಪಕ್ಕ ಬಿಸಿಲಿಗೆ ಸುಡುತ್ತೆ, ಇನ್ನೊಂದು ಪಕ್ಕ ನೆರಳಲ್ಲಿ ಹೆಪ್ಪುಗಟ್ಟುತ್ತೆ, ಅಂಟು ಮಾತ್ರ ಬಿಡಕೂಡದು, ಮೇಲೆ ಹೋದ ಮೇಲೆ ರಿಪೇರಿಗೆ ಯಾರೂ ಹೋಗೋದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಮ್ಮ ಊಟದ ಹೊತ್ತು ಅವರ ಪಾಠದ ಹೊತ್ತೂ ಆಗಿತ್ತು. ಹಬ್ಬದ ದಿನ ಬಾಳೆಲೆಯ ದಂಟನ್ನು ಅಡ್ಡಕ್ಕೆ ಕತ್ತರಿಸಿ ಒಳಗಿನ ಗಾಳಿಯ ಗೂಡುಗಳನ್ನು ತೋರಿಸುತ್ತಿದ್ದರು. ಇಷ್ಟು ಉದ್ದದ ಎಲೆಯನ್ನು ಗಾಳಿಯಲ್ಲಿ ಎತ್ತಿ ಹಿಡಿಯೋಕೆ ಅದು ಎಷ್ಟು ಕಮ್ಮಿ ಸಾಮಾನು ಖರ್ಚು ಮಾಡಿದೆ ನೋಡು ಪುಟ್ಟಿ, ಉಳಿದದ್ದೆಲ್ಲ ಬರೀ ಗಾಳಿ. ಸಾರು ಆರಿ ಹೋಗುತ್ತಿತ್ತು. ಸಜ್ಜಾ ಕೆಳಗಿನ ಜೇನಿಗೆ ಹೊಗೆ ಹಾಕಿಸಬೇಕೆಂದು ಅಮ್ಮ ಹಟ ಹಿಡಿದಾಗಲೂ ಅಪ್ಪ ಬಿಡಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಒಂದಿಷ್ಟೂ ಮೇಣ ವ್ಯರ್ಥ ಮಾಡದೆ ಅವು ಗೋಡೆಗೆ ಗೋಡೆ ಹೇಗೆ ಕೂಡಿಸುತ್ತವೆ ಎಂದು ತೋರಿಸುತ್ತಿದ್ದರು. ಅಜ್ಜಿ ಕೆಳಗೆ ನಿಂತು ಕೇಳಿದಳು.

“ಅಲ್ವೋ ಶೀನು, ಅವಕ್ಕೆ ಕೈಗವಸು ಇಲ್ಲ, ಒಲೆ ಇಲ್ಲ. ಅವುಗಳ ಗೂಡು ಬಿಡಲ್ಲ. ನಿಂದು ಯಾಕೆ ಬಿಡತ್ತೆ?”

“ಅದರ ಮೇಣ ಅದರ ಮೈಯಿಂದಲೇ ಬರುತ್ತಮ್ಮ. ನಮ್ಮ ಅಂಟು ಫ್ರೀಜರಿಂದ ಬರಬೇಕು.”

ಲ್ಯಾಬಿನಲ್ಲಿ ಉಳಿದ ಚೂರೊಂದನ್ನು ಅಪ್ಪ ಮನೆಗೆ ತಂದಿದ್ದರು. ಅಂಗೈ ಅಗಲದ ಅಲ್ಯುಮಿನಿಯಂ ಜೇನುಗೂಡು. ನಾನು ಕಣ್ಣಿಗೆ ಹಿಡಿದು ಲೋಕ ನೋಡುವಷ್ಟರಲ್ಲಿ ಅಜ್ಜಿ ಅದನ್ನು ವಶಪಡಿಸಿಕೊಂಡಳು. ತುಪ್ಪದಲ್ಲಿ ಅದ್ದಿದ ಹೂಬತ್ತಿಗಳನ್ನು ಒಂದೊಂದು ಗೂಡಿಗೆ ಒಂದೊಂದರಂತೆ ನಿಲ್ಲಿಸಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ವಸ್ತು ಅವಳಿಗೆ ಎಂದೂ ಸಿಕ್ಕಿರಲಿಲ್ಲ.

ಅಜ್ಜಿಯದು ಕಟ್ಟುನಿಟ್ಟಿನ ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಮೇಲಿನ ಗಳುವಿನಿಂದ ಕೋಲಿನಲ್ಲಿ ಸೀರೆ ತೆಗೆದು ಉಟ್ಟಳೆಂದರೆ ಊಟ ಮುಗಿಯುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ನಾನು ಶಾಲೆಯ ಯೂನಿಫಾರ್ಮಿನಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿದರೆ ರಾಮಾಯಣ. ಅಪ್ಪನ ಕೆಲಸ ಶುರುವಾದ ಮೇಲೆ ಮನೆಗೆ ಇನ್ನೊಂದು ಮಡಿ ಬಂತು. ಅಂಟಿಸುವ ಕೆಲಸವಿದ್ದ ವಾರಗಳಲ್ಲಿ ಅಪ್ಪ ತಲೆಗೆ ಎಣ್ಣೆ ಹಾಕುವುದಿಲ್ಲ, ಮುಖಕ್ಕೆ ಸ್ನೋ ಇಲ್ಲ, ಒಗ್ಗರಣೆ ಹಾಕುವಾಗ ಅಡುಗೆಮನೆಯ ಹತ್ತಿರ ಸುಳಿಯುವುದಿಲ್ಲ, ಅಂಗಿಗಳು ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು. ಲೋಹದ ಹಾಳೆಗೆ ಎಣ್ಣೆಯ ಬೆರಳು ತಾಗಿದರೆ ಅಲ್ಲಿ ಅಂಟು ಹಿಡಿಯುವುದಿಲ್ಲ.

“ಒಂದು ಮಡಿಗೇ ನಂಗೆ ಸಾಕಾಗಿತ್ತು” ಎಂದಳು ಅಮ್ಮ. “ಈಗ ಎರಡು. ನೀವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿಕೊಳ್ಳದೆ ಇದ್ದುಬಿಡಿ, ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ.”

ವಿಚಿತ್ರವೆಂದರೆ ಅಪ್ಪನ ಕೆಲಸ ಮನೆಯಲ್ಲಿ ಸರಿಯಾಗಿ ಅರ್ಥವಾದದ್ದು ಅಜ್ಜಿಗೇ. ಒಂದು ಸಂಜೆ ಅವಳು ಕಾಫಿ ಲೋಟ ಹಿಡಿದು ವಿಚಾರಣೆಗೆ ಕೂತಳು.

“ಆ ಕೋಣೆಗೆ ಯಾರು ಬೇಕಾದ್ರೂ ಬರಬಹುದೇನೋ?”

“ಇಲ್ಲಮ್ಮ. ಕೈ ತೊಳೆದು, ಮೇಲುಡುಪು ಹಾಕ್ಕೊಂಡು, ತಲೆಗೆ ಟೋಪಿ, ಕೈಗೆ ಗ್ಲೌಸ್, ಆಮೇಲೇ ಒಳಗೆ.”

“ದೊಡ್ಡ ಆಫೀಸರ್ರು ಬಂದ್ರೆ?”

“ಅವರಿಗೂ ಅಷ್ಟೆ.”

“ಮುಟ್ಟಿಬಿಟ್ರೆ?”

“ಎಲ್ಲ ಮೊದಲಿಂದ ತೊಳೀಬೇಕು.”

“ಹಾಗಾದ್ರೆ ಮಡಿ ಅನ್ನು. ಅದಕ್ಕೆ ಯಾಕೆ ಅಷ್ಟುದ್ದ ಇಂಗ್ಲಿಷು.”

ಅರ್ಥವಾಯಿತೆಂದರೆ ಒಪ್ಪಿಗೆಯಾಯಿತು ಎಂದಲ್ಲ. ಎಣ್ಣೆ ಇಲ್ಲದ ತಲೆ ಅಜ್ಜಿಯ ಪಾಲಿಗೆ ಸೂತಕದ ತಲೆ. ಮನೆಯಲ್ಲಿ ಸಾವಾದಾಗ ಮಾತ್ರ ಗಂಡಸರು ಹಾಗೆ ಇರುವುದು. ಶನಿವಾರ ಬಂದರೆ ಬಟ್ಟಲು ಹಿಡಿದು ಅಪ್ಪನ ಹಿಂದೆ ಹಿಂದೆ ಓಡಾಡುತ್ತಿದ್ದಳು. “ನಾನಿನ್ನೂ ಗುಂಡುಕಲ್ಲಿನ ಹಾಗೆ ಕೂತಿದೀನಿ ಕಣೋ. ನೀನಾಗ್ಲೇ ನನ್ನ ಕಳಿಸಿಕೊಟ್ಟವನ ಹಾಗೆ ಓಡಾಡ್ತಿದೀಯ.” ಅಪ್ಪ ಅವಳನ್ನು ಕೆಸುವಿನ ಗಿಡದ ಹತ್ತಿರ ಕರೆದೊಯ್ದು ಎಲೆಯ ಮೇಲೆ ನೀರು ಹೊಯ್ದು ತೋರಿಸಿದರು. ನೀರು ಮಣಿಗಳಾಗಿ ಉರುಳಿ ಹೋಯಿತು. ಎಣ್ಣೆ ತಾಗಿದ ಹಾಳೆಯೂ ಹೀಗೇ ಅಮ್ಮ, ನೀರು ನಿಲ್ಲಲ್ಲ, ಅಂಟೂ ನಿಲ್ಲಲ್ಲ. ಶುದ್ಧವಾಗಿದ್ದರೆ ನೀರು ಕನ್ನಡಿಯ ಹಾಗೆ ಪೂರ್ತಿ ಹರಡಿಕೊಳ್ಳುತ್ತೆ. ಅಜ್ಜಿ ಎಲೆಯನ್ನು ಬಹಳ ಹೊತ್ತು ನೋಡಿ, “ಈ ಎಲೆಗೆ ಯಾರು ಎಣ್ಣೆ ಹಚ್ಚಿದ್ರೋ ಪಾಪ, ಇದಕ್ಕೆ ತಾಯಿ ಇದಾಳೆ” ಎಂದು ಒಳಗೆ ಹೋದಳು.

ಆ ವರ್ಷ ದೀಪಾವಳಿಗೆ ಮಳೆ ಹಿಡಿದಿತ್ತು. ಹಬ್ಬದ ದಿನವೇ ಲ್ಯಾಬಿನ ದೊಡ್ಡ ಒಲೆ ಅಪ್ಪನಿಗೆ ಸಿಕ್ಕಿತ್ತು, ಬೇರೆ ದಿನಗಳಲ್ಲಿ ಅದಕ್ಕೆ ಕ್ಯೂ. ಬೆಳಕು ಹರಿಯುವ ಮುಂಚೆ ಅಮ್ಮ ಹಾಲಿನಲ್ಲಿ ರಂಗೋಲಿ ಎಳೆದು ಮಣೆಗಳನ್ನು ಹಾಕಿದ್ದಳು. ಬಚ್ಚಲಿನಲ್ಲಿ ಹಂಡೆ ಕುದಿಯುತ್ತಿತ್ತು. ನರಕ ಚತುರ್ದಶಿಯಂದು ನಮ್ಮಲ್ಲಿ ಎಲ್ಲರ ತಲೆಗೂ ಮೊದಲ ಎಣ್ಣೆ ಅಜ್ಜಿಯ ಕೈಯಿಂದಲೇ ಬೀಳಬೇಕು. ಅಪ್ಪ ಮಣೆಯ ಮೇಲೆ ಕೂತರು, ಎಣ್ಣೆ ಮಾತ್ರ ಬೇಡ ಎಂದರು.

“ವರ್ಷಕ್ಕೊಂದು ದಿನ” ಎಂದಳು ಅಜ್ಜಿ.

“ಇವತ್ತೇ ಅಂಟಿಸೋದಮ್ಮ. ನಾಳೆ ಹಾಕು, ಎಷ್ಟು ಬೇಕಾದ್ರೂ ಹಾಕು.”

“ನಾಳೆ ಹಾಕೋದು ಹಬ್ಬದ ಎಣ್ಣೆ ಆಗಲ್ಲ. ಶಾಸ್ತ್ರಕ್ಕೆ ಒಂದು ಹನಿ. ನನ್ನ ಕೈಯಲ್ಲಾಗೋದು ಇದೊಂದೇ ಅಲ್ವೇನೋ ಇನ್ನು.”

ಅವಳು ಒಂದು ಗರಿಕೆಯ ಎಸಳನ್ನು ಎಣ್ಣೆಯಲ್ಲಿ ಅದ್ದಿ ಅಪ್ಪನ ನೆತ್ತಿಗೆ ಮುಟ್ಟಿಸಿದಳು. ಅಪ್ಪ ತಡೆಯಲಿಲ್ಲ, ತಲೆ ಬಗ್ಗಿಸಿದರು. ಅಮ್ಮ ಆರತಿ ಎತ್ತಿದಳು. ಆಮೇಲೆ ಅಪ್ಪ ಬಚ್ಚಲಿಗೆ ಹೋಗಿ ಮತ್ತೆ ಮತ್ತೆ ಸೋಪು ಹಚ್ಚಿ ತಲೆ ತೊಳೆದ ಸದ್ದು ಹಾಲಿಗೆ ಕೇಳಿಸುತ್ತಿತ್ತು. ಅಜ್ಜಿ ಕಿವಿ ಕೇಳದವಳ ಹಾಗೆ ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಅಪ್ಪ ಸ್ಕೂಟರ್ ಹತ್ತುವಾಗ ಗೇಟಿನ ತನಕ ಹೋಗಿ, “ಮಧ್ಯಾಹ್ನ ಹೋಳಿಗೆ ಹೊತ್ತಿಗೆ ಬಂದ್ಬಿಡು, ಕಾವಲಿ ಮೇಲಿಂದ ನೇರ ಎಲೆಗೆ ಹಾಕ್ತೀನಿ” ಎಂದಳು. ಅಪ್ಪ ಹೇಳಿದ ಹೊತ್ತಿಗೆ ಬಂದರು. ಪ್ಯಾನೆಲ್ ಒಲೆಯಲ್ಲಿದೆ, ನಾಳೆ ತೆಗೀಬೇಕು ಎಂದು ಖುಷಿಯಾಗಿ ಹೇಳಿದರು. ಹೋಳಿಗೆ ಆವಿಯಾಡುತ್ತಿತ್ತು. ಅವರು ಅಷ್ಟು ಇಷ್ಟಪಟ್ಟು ಉಂಡದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಅಂಟು ಹಿಡಿದಿದೆಯೋ ಇಲ್ಲವೋ ಎಂದು ತಿಳಿಯಲು ಅಪ್ಪನ ಬಳಿ ಒಂದು ನಾಲ್ಕಾಣೆ ಇರುತ್ತಿತ್ತು. ಆ ನಾಣ್ಯದಿಂದ ಪ್ಯಾನೆಲ್ಲಿನ ಮೈಮೇಲೆಲ್ಲ ಮೆಲ್ಲಗೆ ಬಡಿಯುತ್ತಾ ಹೋಗಬೇಕು. ಹಿಡಿದ ಕಡೆ ಸದ್ದು ಠಣ್ ಎಂದು ಬಿಗಿಯಾಗಿ ಬರುತ್ತದೆ, ಬಿಟ್ಟ ಕಡೆ ಮಂಕಾಗಿ, ಒಡೆದ ಮಡಕೆಯ ಹಾಗೆ. ದೊಡ್ಡ ಮೆಷಿನ್ನುಗಳಿದ್ದರೂ ಮೊದಲ ತೀರ್ಪು ಅದರದೇ. ಅಭ್ಯಾಸಬಲದಿಂದ ಮನೆಯಲ್ಲೂ ಬಡಿಯುತ್ತಿದ್ದರು: ಗೋಡೆಯ ಗಾರೆ, ನೆಲ, ತೆಂಗಿನಕಾಯಿ, ಒಮ್ಮೆ ನನ್ನ ಮೊಣಕಾಲು. ಹಬ್ಬದ ಮರುದಿನ ಸಂಜೆ ಬಂದವರು ವರಾಂಡದಲ್ಲಿ ಕೂತು ಕುರ್ಚಿಯ ಕೈಯನ್ನು ಬಡಿಯುತ್ತಲೇ ಇದ್ದರು, ಕೇಳಿಸಿಕೊಳ್ಳುತ್ತಿರಲಿಲ್ಲ. ಅಜ್ಜಿ ಬಾಗಿಲಿಗೆ ಬಂದು ನಿಂತಳು.

“ಏನಾಯ್ತೋ?”

“ಒಂದು ಮೂಲೆ ಹಿಡಿಲಿಲ್ಲಮ್ಮ. ಸದ್ದು ಸತ್ತಿದೆ ಅಲ್ಲಿ.”

“ಪೂರ್ತಿ ಹೋಯ್ತಾ?”

“ಒಂದು ಮೂಲೆ ಹೋದ್ರೆ ಪೂರ್ತಿ ಹೋದ ಹಾಗೇ.”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ನಾನು ಮುಟ್ಟಿಬಿಟ್ನಲ್ಲೋ” ಎಂದಳು.

ಅಪ್ಪ ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಕೈಕಾಲು ತೊಳೆಯಲು ಹಿಂದಕ್ಕೆ ಹೋದರು. ನಾನು ಅಲ್ಲೇ ನೆಲದ ಮೇಲೆ ಕೂತು ಸುರುಸುರುಬತ್ತಿಯ ಡಬ್ಬ ಬಿಚ್ಚುತ್ತಿದ್ದೆ. ಇಷ್ಟು ವರ್ಷಗಳ ನಂತರವೂ ಆ ವರಾಂಡ ನೆನಪಾದರೆ ನನಗೆ ಮೊದಲು ಕೇಳಿಸುವುದು ಅಲ್ಲಿ ಯಾರೂ ಆಡದೆ ಹೋದ ಆ ಮಾತು.

ಮರುದಿನ ಬೆಳಿಗ್ಗೆ ಅಜ್ಜಿ ಎಣ್ಣೆಯ ಬಟ್ಟಲನ್ನು ತೊಳೆದು, ಸೀಗೆಪುಡಿ ಹಾಕಿ ಉಜ್ಜಿ, ಬೋರಲು ಹಾಕಿದಳು.

“ಕಾಶಿಗೆ ಹೋದೋರು ಏನಾದ್ರೂ ಒಂದು ಬಿಟ್ಟು ಬರ್ತಾರಲ್ಲ, ನಾನು ಇಲ್ಲೇ ಬಿಟ್ಟೆ ಕಣೇ” ಎಂದಳು ಅಮ್ಮನಿಗೆ.

“ಏನು ಬಿಟ್ರಿ ಅತ್ತೆ?”

“ಎಣ್ಣೆ. ಇನ್ಮೇಲೆ ಮುಟ್ಟಲ್ಲ. ತಲೆಗೂ ಇಲ್ಲ, ಬಾಯಿಗೂ ಇಲ್ಲ. ಜೀವಮಾನ ಎಲ್ಲ ನೀನು ಮುಟ್ಟಿದೆ, ಮಗು ಮುಟ್ಟಿತು ಅಂತ ಕೂಗಾಡಿದೆ. ಕೊನೇಗೆ ನನ್ನ ಮಗನ ಮಡಿ ನಾನೇ ಕೆಡಿಸಿದೆ.”

ಅಮ್ಮ ಅಪ್ಪನ ಕಡೆ ತಿರುಗಿ “ಏನ್ರೀ ಇದು?” ಎಂದಳು. ಅಪ್ಪ ಶೂ ಲೇಸ್ ಕಟ್ಟುತ್ತಿದ್ದರು. “ಅವರಿಷ್ಟ” ಎಂದರು.

ನಾನು ಮತ್ತು ಅಪ್ಪ ಇಬ್ಬರೇ ಇದ್ದಾಗ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಶಾಲೆಯಲ್ಲಿ ನನ್ನ ಇಂಗ್ಲಿಷ್ ಸುಧಾರಿಸಲಿ ಎಂದು ಶುರುವಾದದ್ದು. ಆಮೇಲೆ ಅದು ಅಜ್ಜಿ, ಅಮ್ಮ ಇಬ್ಬರಿಗೂ ಬಾಗಿಲು ಹಾಕಿದ ಒಂದು ಕೋಣೆಯಾಯಿತು, ಆ ಕೋಣೆಯೊಳಗೆ ನನಗೆ ಪ್ರವೇಶವಿದೆ ಎಂಬ ಜಂಬ ನನಗೆ. ಹಬ್ಬದ ರಜೆ ಮುಗಿದು ಸ್ಕೂಲ್ ಬಸ್ಸಿಗೆ ಕಾಯುತ್ತಾ ನಿಂತಾಗ ನಾನು ಕೇಳಿದೆ: ವಾಸ್ ಇಟ್ ದಿ ಆಯಿಲ್, ಅಪ್ಪ?

“ನೋ” ಎಂದರು. “ಇಟ್ ವಾಸ್ ವಾಟರ್.”

ಇಂಗ್ಲಿಷಿನಲ್ಲಿ ಅಪ್ಪ ನಿಧಾನವಾಗಿ, ಪಾಠದ ಧಾಟಿಯಲ್ಲಿ ಎಲ್ಲ ಹೇಳಿದರು. ಅಂಟು ದ್ರವವಲ್ಲ, ತೆಳ್ಳಗಿನ ಹಾಳೆಯ ಸುರುಳಿ, ಅದನ್ನು ಫ್ರೀಜರಿನಲ್ಲಿ ಇಡುತ್ತಾರೆ. ಹೊರಗೆ ತೆಗೆದ ಮೇಲೆ ಅದರ ಕವರನ್ನು ಬಿಚ್ಚದೆ, ಕೋಣೆಯಷ್ಟೇ ಬೆಚ್ಚಗಾಗುವ ತನಕ ಕಾಯಬೇಕು. ಮುಂಚೆಯೇ ಬಿಚ್ಚಿದರೆ, ತಣ್ಣನೆಯ ನೀರಿನ ಲೋಟದ ಹೊರಗೆ ಬೆವರು ಕೂರುತ್ತದಲ್ಲ, ಹಾಗೆ ಗಾಳಿಯ ತೇವ ಅದರ ಮೇಲೆ ಕೂತುಬಿಡುತ್ತದೆ. ಅದೂ ಮಳೆಯ ದಿನ. ಅವರಿಗೆ ಗೊತ್ತಿತ್ತು. ಬೇರೆಯವರಿಗೆ ಕಲಿಸಿದವರೇ ಅವರು. ಆದರೂ ಅಂದು ಗಡಿಯಾರ ನೋಡಿ, ಸಾಕು ಎಂದು ಬಿಚ್ಚಿದರು. ಯಾಕೆ ಎಂದು ನಾನು ಕೇಳಿದೆ. ಅಪ್ಪ ರಸ್ತೆಯ ಕಡೆ ನೋಡಿದರು. ಹೋಳಿಗೆ ಆರಿಹೋಗುತ್ತೆ ಅಂತ ಎಂದರು, ಅದನ್ನು ಮಾತ್ರ ಕನ್ನಡದಲ್ಲಿ.

ಲ್ಯಾಬಿನಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ. ಮೂಲೆ ಬಿಟ್ಟದ್ದು ಗೊತ್ತಾದ ದಿನವೇ ಮೇಲಿನವರ ಹತ್ತಿರ ಹೋಗಿ ‘ನನ್ನ ಅವಸರದಿಂದ ಆಯಿತು’ ಎಂದು ಹೇಳಿ ಬೈಸಿಕೊಂಡಿದ್ದರು. ಎಣ್ಣೆಯಲ್ಲ ಎಂಬುದೂ ಖಚಿತವಾಗಿತ್ತು, ಹಾಳೆಗಳ ಮೇಲೆ ನೀರು ಕನ್ನಡಿಯ ಹಾಗೆ ಹರಡಿದ್ದನ್ನು ಅವರೇ ನೋಡಿದ್ದರು. ಆಫೀಸಿನಲ್ಲಿ ಅಷ್ಟು ಸಲೀಸಾಗಿ ಬಾಯಿಗೆ ಬಂದ ಸತ್ಯ ಮನೆಯ ವರಾಂಡದಲ್ಲಿ ಯಾಕೆ ಬರಲಿಲ್ಲ ಎಂದು ನಾನು ಬದುಕಿಡೀ ಯೋಚಿಸಿದ್ದೇನೆ. ಆಫೀಸಿನ ತಪ್ಪಿಗೆ ಒಂದು ಭಾಷೆಯಿತ್ತು. ಮನೆಯಲ್ಲಿ ಅಪ್ಪನಿಗೆ ಗೊತ್ತಿದ್ದದ್ದು ಮಲ್ಲಿಗೆ ಮಾತ್ರ, ವಿಧವೆ ತಾಯಿಗೆ ಅದನ್ನೂ ತರುವಂತಿರಲಿಲ್ಲ.

“ದೆನ್ ಟೆಲ್ ಅಜ್ಜಿ” ಎಂದೆ.

“ಐ ವಿಲ್.”

ಬಸ್ ಬಂತು. ಆ ‘ಐ ವಿಲ್’ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಹಾಗೇ ಗೋಡೆಗೆ ನೇತುಬಿದ್ದಿತ್ತು.

ಅಜ್ಜಿಯ ಸಾರು ಒಗ್ಗರಣೆಗೆ ಮುಂಚೆ ಪುಟ್ಟ ಪಾತ್ರೆಯಲ್ಲಿ ಬೇರೆಯಾಯಿತು. ದೋಸೆ ತಿನ್ನುವುದನ್ನೇ ಬಿಟ್ಟಳು, ಇಡ್ಲಿಗೆ ಚಟ್ನಿಪುಡಿಯನ್ನು ನೀರಲ್ಲಿ ಕಲಸಿಕೊಂಡಳು. ಬರೀ ಸೀಗೆಪುಡಿ ಕಂಡ ಅವಳ ಕೂದಲು ತೆಂಗಿನ ನಾರಿನ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ ಅವಳು ಬದಲಾದಳು. ಅಪ್ಪನ ಮಡಿಗೆ ಅವಳೇ ಕಾವಲು ನಿಂತಳು. ಅವರ ಅಂಗಿಗಳನ್ನು ತಾನೇ ಬೇರೆ ಒಗೆದು, ತನ್ನ ಸೀರೆಯ ಪಕ್ಕದ ಗಳುವಿನಲ್ಲಿ ಒಣಹಾಕಿದಳು. ಅಮ್ಮ ಒಗ್ಗರಣೆ ಸೌಟು ಹಿಡಿದರೆ ‘ಬಾಗಿಲು ಹಾಕ್ಕೊಳೇ, ಅವನು ಇನ್ನೂ ಹೊರಟಿಲ್ಲ’ ಎನ್ನುವಳು. ಶನಿವಾರದ ಜಗಳ ನಿಂತುಹೋಯಿತು. ಅಪ್ಪನ ಜೀವಕ್ಕೆ ಎಂದೂ ಇರದಿದ್ದ ನೆಮ್ಮದಿ. ಕೆಟ್ಟ ಮಗನೇನಲ್ಲ ಅವರು, ಹೇಳಬೇಕೆಂದು ಬಾಯಿ ತೆರೆದದ್ದನ್ನು ನಾನೇ ನೋಡಿದ್ದೇನೆ. ಆದರೆ ಹೇಳಿದರೆ ಆ ನೆಮ್ಮದಿಯೂ ಹೋಗುತ್ತಿತ್ತು, ಅಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಬರುತ್ತಿತ್ತು. ದಿನ ಕಳೆದಂತೆ ಆ ಪ್ರಶ್ನೆ ದೊಡ್ಡದಾಗುತ್ತಲೇ ಹೋಯಿತು.

ನನ್ನ ತಲೆಗೆ ಎಣ್ಣೆ ಹಾಕುವ ಕೆಲಸ ಅಮ್ಮನಿಗೆ ಬಂತು. ಅಮ್ಮನದು ಅವಸರದ ಕೈ, ಕಾವಲಿಗೆ ಹಚ್ಚಿದ ಹಾಗೆ ಹಚ್ಚಿ ಜಡೆ ಎಳೆದು ಬಿಗಿಯುವಳು. ಅಜ್ಜಿ ದೂರ ಕೂತು ನೋಡುವಳು, ಅವಳ ಬೆರಳುಗಳು ಮಡಿಲಲ್ಲಿ ಸುಮ್ಮನಿರುತ್ತಿರಲಿಲ್ಲ. ಅವಳು ನನ್ನ ಮೇಲೆ ಕೂಗಾಡುವುದೂ ನಿಂತಿತು. ಸಮಾಧಾನ ಮಾಡುವ ದಾರಿಯೇ ಇಲ್ಲದ ಮೇಲೆ ಕೂಗಾಡಲು ಹೆದರಿಕೆಯಾಗಿರಬೇಕು. ಶಾಲೆಯ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಪಾಪ ಎರಡು ಥರ ಎಂದು ಕಲಿಸಿದರು: ಮಾಡಿದ್ದು ಒಂದು, ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು ಇನ್ನೊಂದು. ಕ್ಯಾಥಲಿಕ್ ಹುಡುಗಿಯರು ಶನಿವಾರ ಕನ್ಫೆಷನ್ನಿಗೆ ಹೋಗಿ ಹಗುರವಾಗಿ ಬರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮನೆಗೆ ಬಂದು ಈ ಎರಡನೆಯ ಥರದ ವಿಷಯ ಅಪ್ಪನಿಗೆ ಹೇಳಿದೆ. ಅವರು ನಕ್ಕು, ನನ್ನ ತಲೆ ಸವರಿ, ಯುವರ್ ಸಿಸ್ಟರ್ಸ್ ಆರ್ ವೆರಿ ಸ್ಟ್ರಿಕ್ಟ್ ಎಂದರು. ನಾನೂ ನಕ್ಕೆ. ನಾನೇ ಅಜ್ಜಿಗೆ ಹೇಳಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಅಪ್ಪನ ಗುಟ್ಟು ನನ್ನ ಬಳಿ ಮಾತ್ರ ಇದೆ ಎಂಬುದು ಆ ವಯಸ್ಸಿನಲ್ಲಿ ಎಷ್ಟು ದೊಡ್ಡ ಆಸ್ತಿ ಎಂದು ಹೇಗೆ ಹೇಳಲಿ. ಅಜ್ಜಿಯ ತಲೆ ಒಣಗುತ್ತಿದ್ದದ್ದು ಆ ಆಸ್ತಿಯ ಖರ್ಚಿಗೆ.

ಕೆಲವು ವರ್ಷಗಳ ಮೇಲೆ ಅಪ್ಪನ ಪ್ಯಾನೆಲ್ಲುಗಳು ನಿಜವಾಗಿಯೂ ಮೇಲೆ ಹೋದವು. ಅಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದಳು. ಅಜ್ಜಿ ಅಂಗಳಕ್ಕೆ ಬಂದು ಹಗಲಿನ ಆಕಾಶಕ್ಕೇ ಕೈಮುಗಿದು, “ಗಟ್ಟಿಯಾಗಿರಪ್ಪ, ಅಂಟು ಬಿಡಬೇಡ” ಎಂದಳು. ಇನ್ನಾದರೂ ಎಣ್ಣೆ ಮುಟ್ಟಿ ಅತ್ತೆ ಎಂದಳು ಅಮ್ಮ. ಬಿಟ್ಟಿದ್ದು ಬಿಟ್ಟಿದ್ದೇ ಎಂದಳು ಅಜ್ಜಿ. ಅಪ್ಪ ಮೈಸೂರುಪಾಕಿನ ತುಂಡು ಕೈಯಲ್ಲೇ ಹಿಡಿದು ನಿಂತಿದ್ದರು.

ನಾನು ಕಾಲೇಜಿಗೆ ಸೇರಿದ ವರ್ಷದ ಚಳಿಗಾಲದಲ್ಲಿ ಅಜ್ಜಿಯ ಮೈ ಚರ್ಮ ಬಿರಿಯತೊಡಗಿತು. ಹಿಮ್ಮಡಿಯ ಸೀಳುಗಳಿಂದ ರಕ್ತ ಬರುತ್ತಿತ್ತು, ಕೆಂಪು ನೆಲದ ಮೇಲೆ ಅದು ಕಾಣದೆ, ಬಿಳಿಯ ಹಾಸಿಗೆಯ ಮೇಲೆ ಕಂಡಿತು. ವಿಲ್ಸನ್ ಗಾರ್ಡನ್‌ನಿಂದ ಪರಿಚಯದ ಡಾಕ್ಟರು ಬಂದು ನೋಡಿ, “ಮುಲಾಮೆಲ್ಲ ಆಮೇಲೆ, ಮೊದಲು ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಅಮ್ಮ” ಎಂದರು. ಅಜ್ಜಿ ನಕ್ಕು, ಮಾತು ಬದಲಾಯಿಸಿ, ಅವರಿಗೆ ಕಾಫಿ ಕೊಡಲು ಹೇಳಿದಳು. ಡಾಕ್ಟರನ್ನು ಗೇಟಿನ ತನಕ ಬಿಟ್ಟು ಬಂದ ಅಪ್ಪ ನೇರವಾಗಿ ಅಡುಗೆಮನೆಗೆ ಹೋದರು. ಬೋರಲಾಗಿದ್ದ ಹಳೆಯ ಬಟ್ಟಲಿಗೆ ಎಣ್ಣೆ ಬಗ್ಗಿಸಿಕೊಂಡು ಬಂದು ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ, ಅವಳ ಕಾಲಿನ ಹತ್ತಿರ ಕೂತರು. ನಾನು ಮಂಚದ ತುದಿಯಲ್ಲಿದ್ದೆ, ಅಮ್ಮ ಬಾಗಿಲಲ್ಲಿ.

“ಅಮ್ಮ, ಅವತ್ತು ನಿನ್ನ ಎಣ್ಣೆಯಿಂದ ಆಗಿದ್ದಲ್ಲ.”

“ಯಾವತ್ತು?”

“ದೀಪಾವಳಿಗೆ. ನಾನೇ ಅವಸರ ಮಾಡಿದೆ. ಅಂಟಿನ ಕವರ್ ಬೇಗ ಬಿಚ್ಚಿದೆ, ತೇವ ಹಿಡೀತು. ನಿನ್ನದೇನೂ ಇಲ್ಲ ಅದರಲ್ಲಿ. ಅವತ್ತೇ ಗೊತ್ತಿತ್ತು ನಂಗೆ. ಹೇಳಲಿಲ್ಲ.”

ಬಾಗಿಲಲ್ಲಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಅಪ್ಪನನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿ ಎಂದು ನಾನು ಕಾಯುತ್ತಿದ್ದೆ, ಅಪ್ಪನೂ ಅದನ್ನೇ ಕಾಯುತ್ತಿದ್ದರು. ಬಂದದ್ದು ನಗು, ಹೊಸದಾಗಿ ಮದುವೆಯಾದವಳ ನಗುವಿನ ಥರದ್ದು.

“ನಿಮ್ಮಪ್ಪನೂ ಹೀಗೇ” ಎಂದಳು. “ನಾನು ಈ ಮನೆಗೆ ಬಂದ ಹೊಸದರಲ್ಲಿ ನಮ್ಮತ್ತೆ ಮಡಿ ಸೀರೆ ಮುಟ್ಟಿಬಿಟ್ಟಿದ್ದೆ. ನಿಮ್ಮಪ್ಪ ಮುಂದೆ ಬಂದು, ಅಮ್ಮ, ನಾನು ಮುಟ್ಟಿದ್ದು ಅಂದ್ಬಿಟ್ರು. ಹೀಗೇ, ತಲೆ ತಗ್ಗಿಸಿಕೊಂಡು.”

“ಇಲ್ಲಮ್ಮ, ಇದು ನಿಜವಾಗಿ...”

“ಅವರೂ ನಿಜವಾಗಿ ಅಂತಲೇ ಹೇಳಿದ್ರು.”

“ಪುಟ್ಟಿನ ಕೇಳು. ಅವಳಿಗೂ ಗೊತ್ತು.”

ಅಜ್ಜಿ ನನ್ನ ಕಡೆ ತಿರುಗಿದಳು. ನಿಜ ಅಜ್ಜಿ ಎಂದೆ. ಆಗಲೇ ಹೇಳಿದ್ರು ನಂಗೆ, ಸಾರಿ ಅಜ್ಜಿ ಎಂದೆ. ಅಷ್ಟು ಸಲ ಆಡಿ ಸವೆಸಿದ ಪದ, ಬೇಕಾದ ದಿನ ಅದರಲ್ಲಿ ಏನೂ ಉಳಿದಿರಲಿಲ್ಲ.

“ಇವಳನ್ನೂ ಸೇರಿಸ್ಕೊಂಡಿದೀಯಾ” ಎಂದಳು ಅಜ್ಜಿ, ಮೆಚ್ಚಿಗೆಯಿಂದ. “ಮುದುಕಿಗೆ ಎಣ್ಣೆ ಹಚ್ಚೋಕೆ ಎಷ್ಟು ಜನ ಸೇರಿ ಸುಳ್ಳು ಹೇಳಬೇಕು ನೋಡು. ಎತ್ತಿಡೋ ಅದನ್ನ. ನನ್ನ ಕಾಲು ಹೇಗೋ ಆಗತ್ತೆ. ಒಳ್ಳೇ ಮಗ ನೀನು.”

ಅಪ್ಪ ಏಳಲಿಲ್ಲ. ಬಟ್ಟಲು ಹಿಡಿದು ಹಾಗೇ ತಲೆ ತಗ್ಗಿಸಿ ಕೂತರು. ಅಂಟಿಸುವ ವಾರವಾದ್ದರಿಂದ ಅವರ ತಲೆ ಒಣಗಿತ್ತು. ಅಜ್ಜಿ ಮಂಚದಿಂದ ಬಾಗಿ, ಬಿರಿದ ಅಂಗೈಯನ್ನು ಅವರ ನೆತ್ತಿಯ ಮೇಲಿಟ್ಟು, ಎಣ್ಣೆ ಇಲ್ಲದೆಯೇ, ಎಣ್ಣೆ ತಟ್ಟುವ ಹಾಗೆ ತಟ್ಟತೊಡಗಿದಳು. ಒಣ ಕೈ ಒಣ ತಲೆಯ ಮೇಲೆ ಬಿದ್ದ ಸದ್ದು ಇಡೀ ಕೋಣೆಗೆ ಕೇಳುತ್ತಿತ್ತು. ಅಪ್ಪ ಕಣ್ಣು ಮುಚ್ಚಿ, ಕತ್ತನ್ನು ಸ್ವಲ್ಪ ಓರೆ ಮಾಡಿ, ನಾಣ್ಯ ಬಡಿದಾಗ ಕೇಳಿಸಿಕೊಳ್ಳುತ್ತಿದ್ದ ಹಾಗೆಯೇ ಅದನ್ನು ಕೇಳಿಸಿಕೊಳ್ಳುತ್ತಿದ್ದರು.